ಕಣದ ಕಾಳು, ನಾಳೆಯ ಭಯ

ನಮ್ಮ ಹೋಬಳಿ ಊರಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮೇಲುಗಡೆ ಒಂದು ಪಟ ತೂಗುಹಾಕಿದ್ದರು. ರಥ, ಕುದುರೆ, ಕೃಷ್ಣ, ತಲೆ ತಗ್ಗಿಸಿ ಕುಂತ ಅರ್ಜುನ. ಅದರ ಕೆಳಗೆ ದಪ್ಪಕ್ಷರದಲ್ಲಿ, ಈ ಲೋಕದಲ್ಲಿ ಯಾವುದೂ ನಿಲ್ಲುವುದಿಲ್ಲ, ಎಲ್ಲವೂ ಬದಲಾಗುತ್ತದೆ ಎಂಬ ಅರ್ಥದ ಮಾತು. ಅದೇ ಹೋಟೆಲಿನ ಹೊರಗೆ, ಸೂರಿನ ಗಳುವಿಗೆ ನಮ್ಮ ಕೇರಿಯವರ ಲೋಟಗಳನ್ನು ಸಿಕ್ಕಿಸಿಡುತ್ತಿದ್ದರು. ನಾವು ಕೈಯೆತ್ತಿ ಲೋಟ ತೆಗೆದುಕೊಂಡು, ನಾವೇ ತೊಳೆದು, ಹಿಡಿದುಕೊಂಡು ನಿಂತರೆ ಮಾಣಿ ಮೇಲಿನಿಂದ ಟೀ ಹುಯ್ಯುತ್ತಿದ್ದ. ಕುಡಿದಾದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಒಳಗೆ ಬೆಂಚಿನ ಮೇಲೆ ಕೂತವರು ಆ ಪಟ ಓದುತ್ತಿದ್ದರು. ಹೊರಗೆ ನಿಂತ ನಾವೂ ಓದುತ್ತಿದ್ದೆವು, ಇಸ್ಕೂಲಿಗೆ ಹೋಗಿದ್ದೆವಲ್ಲ. ಎಲ್ಲವೂ ಬದಲಾಗುತ್ತದೆ, ಲೋಟ ಒಂದನ್ನು ಬಿಟ್ಟು.

ಈಗ ಆ ಮಾತು ಪಟದಿಂದ ಇಳಿದು ಬಂದು ಉಪನ್ಯಾಸವಾಗಿದೆ. ಕಾಲೇಜಿಗೂ ಕಂಪನಿಗೂ ಬರುವ ತರಬೇತಿದಾರರು ನಮ್ಮ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಾರೆ: ಭದ್ರತೆ ಹುಡುಕಬೇಡಿ, ನಾಳೆ ಏನಾಗುತ್ತದೆ ಎಂದು ಗೊತ್ತಿಲ್ಲದಿರುವುದಕ್ಕೆ ಹೆದರಬೇಡಿ, ಅದನ್ನು ಒಪ್ಪಿಕೊಂಡರೆ ನಿಮ್ಮ ವ್ಯಕ್ತಿತ್ವ ಬೆಳೆಯುತ್ತದೆ. ಈ ಮಾತು ಕೇಳಿದಾಗ ನಮಗೆ ಮೊದಲು ಬರುವುದು ಸಿಟ್ಟು. ಹೇಳುವವನಿಗೆ ಊರಲ್ಲಿ ಹತ್ತು ಎಕರೆ ನೀರಾವರಿ ಇರುತ್ತದೆ, ಪಟ್ಟಣದಲ್ಲಿ ಎರಡು ಮನೆಯ ಬಾಡಿಗೆ ಬರುತ್ತಿರುತ್ತದೆ. ಅವನಿಗೆ ಅನಿಶ್ಚಿತತೆ ಎಂಬುದು ಜೋಕಾಲಿ. ಹಿಂದಕ್ಕೆ ಹೋದರೂ ಮುಂದಕ್ಕೆ ಹೋದರೂ ಹಗ್ಗ ಮರಕ್ಕೆ ಕಟ್ಟಿದೆ. ಬೆಳಿಗ್ಗೆ ಆರಕ್ಕೆ ಸರ್ಕಲ್ಲಿನಲ್ಲಿ ಬುತ್ತಿ, ಕರಣೆ ಹಿಡಿದು, ಇವತ್ತು ಯಾರಾದರೂ ಕೆಲಸಕ್ಕೆ ಕರೆದಾರೆಯೇ ಎಂದು ನಿಂತ ಕೂಲಿಯವನಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಅನಿಶ್ಚಿತತೆ ಅವನು ಕರೆಯದೆಯೇ ಬಂದು ಹೆಗಲೇರಿ ಕೂತಿದೆ.

ಸಿಟ್ಟು ಇಳಿದ ಮೇಲೆ ಇನ್ನೊಂದು ನಿಜ ಎದುರಿಗೆ ನಿಲ್ಲುತ್ತದೆ. ನಾವು ಇವತ್ತು ಏನಾಗಿದ್ದೇವೋ ಅದೆಲ್ಲ ಆದದ್ದು, ಗ್ಯಾರಂಟಿಯಾಗಿದ್ದ ಒಂದನ್ನು ಬಿಟ್ಟು, ಗೊತ್ತಿಲ್ಲದ್ದರ ಕಡೆ ಹೆಜ್ಜೆ ಇಟ್ಟಿದ್ದರಿಂದಲೇ. ಹಾಗಾದರೆ ಆ ತರಬೇತಿದಾರ ಹೇಳುವುದೂ ನಾವು ಮಾಡಿದ್ದೂ ಒಂದೇನಾ? ಅಲ್ಲ ಎಂದು ಮನಸ್ಸು ಹೇಳುತ್ತದೆ. ಯಾಕಲ್ಲ ಎಂದು ಬಿಡಿಸಿ ಹೇಳುವುದು ಅಷ್ಟು ಸುಲಭವಿಲ್ಲ. ಹೇಳಲು ಹೊರಟರೆ ನಮ್ಮದೇ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ.

ಆ ಗ್ಯಾರಂಟಿ ಯಾವುದಾಗಿತ್ತು ಅಂತ ಮೊದಲು ನೋಡೋಣ. ಈಗಿನ ಹುಡುಗರಿಗೆ ಆಯ ಎಂದರೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನಮ್ಮ ಗೆಲುವು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಸುಗ್ಗಿಯಲ್ಲಿ ಗೌಡರ ಕಣದಲ್ಲಿ ರಾಗಿ ತುಳಿಸಿ, ತೂರಿ, ರಾಶಿ ಮಾಡಿ, ಪೂಜೆ ಮುಗಿದ ಮೇಲೆ ಆಯದವರಿಗೆ ಕಾಳು ಅಳೆಯುತ್ತಿದ್ದರು. ಕಮ್ಮಾರ, ಬಡಗಿ, ಅಗಸ, ಕ್ಷೌರದವರು, ಎಲ್ಲರದೂ ಆದ ಮೇಲೆ ಕಡೆಗೆ ನಮ್ಮ ಕುಳವಾಡಿ, ತೋಟಿಯ ಸರದಿ. ಅಷ್ಟು ಹೊತ್ತಿಗೆ ಹಸನಾದ ಕಾಳು ಮನೆ ಸೇರಿರುತ್ತಿತ್ತು. ನಮಗೆ ಉಳಿಯುತ್ತಿದ್ದುದು ರಾಶಿಯ ತಳ, ಮಣ್ಣು, ಕಲ್ಲು, ಕಣ ಸಾರಿಸಿದ ಸಗಣಿಯ ಚಕ್ಕೆ ಬೆರೆತದ್ದು. ನಮ್ಮ ಅವ್ವಂದಿರು ಅದನ್ನು ಮೊರದಲ್ಲಿ ಹಾಕಿ ಕೇರಿ, ನೀರಲ್ಲಿ ಜಾಲಿಸಿ, ಕಲ್ಲು ಬೇರೆ ಕಾಳು ಬೇರೆ ಮಾಡುವಷ್ಟರಲ್ಲಿ ಕಾಲು ಭಾಗ ಹೋಗಿರುತ್ತಿತ್ತು. ಇಷ್ಟಕ್ಕೆ ನಾವು ಮಾಡಬೇಕಾದ್ದು ಸತ್ತ ದನ ಎಳೆಯುವುದು, ಮಾರಿಹಬ್ಬಕ್ಕೂ ಸಾವಿಗೂ ತಮಟೆ ಬಡಿಯುವುದು, ಸಾವಿನ ಸುದ್ದಿಯನ್ನು ಹತ್ತೂರು ನಡೆದು ಮುಟ್ಟಿಸುವುದು, ಗುಂಡಿ ತೋಡುವುದು. ಈ ಕೆಲಸಕ್ಕೆ ಹೊತ್ತು ಗೊತ್ತು ಅಂತ ಇರಲಿಲ್ಲ. ನಡುರಾತ್ರಿ ಕೂಗಿದರೂ ಏಳಬೇಕು.

ಆದರೂ ಅದು ಗ್ಯಾರಂಟಿಯಾಗಿತ್ತು. ಮಳೆ ಹೋದ ವರ್ಷವೂ ನಾಲ್ಕು ಸೇರಾದರೂ ಬೀಳುತ್ತಿತ್ತು. 'ಕಣ ಇರೋಗಂಟ ನಮ್ಗೇನ್ಲಾ ಭಯ' ಅನ್ನುತ್ತಿದ್ದರು ನಮ್ಮ ಹಿರೀಕರು. ಅಪ್ಪ ಏನಾಗಿದ್ದನೋ ಮಗ ಅದೇ ಆಗುತ್ತಾನೆ ಎಂಬುದೂ ಅಷ್ಟೇ ಗ್ಯಾರಂಟಿ. ಕಾಳಿನ ಜೊತೆ ಜಾಗವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಿದ್ದರು. ಕಾಳು ತಗೊಂಡು ಜಾಗ ಬೇಡ ಅನ್ನುವ ಹಾಗಿರಲಿಲ್ಲ. ಜೀತವೂ ಹೀಗೇ. ವರ್ಷಕ್ಕೊಂದು ಕಂಬಳಿ, ಎರಡು ಹೊತ್ತು ಹಿಟ್ಟು, ಮಲಗಲು ಕೊಟ್ಟಿಗೆ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂದ ಮೇಲೆ ನಮ್ಮ ಕಡೆ ಬಿಡುಗಡೆಯಾದ ಕೆಲವರು ಹೊತ್ತು ಮುಳುಗುವಷ್ಟರಲ್ಲಿ ಒಡೆಯನ ಕೊಟ್ಟಿಗೆಗೇ ವಾಪಸ್ಸು ಹೋದರು. ಆಗ ನಾವು ಅವರನ್ನು ಗುಲಾಮ ಬುದ್ಧಿ ಅಂತ ಬೈದಿದ್ದೆವು. ಅವರಿಗೆ ರಾತ್ರಿ ಮಲಗಲು ಬೇರೆ ಜಾಗ ಇತ್ತಾ ಅಂತ ಕೇಳಿರಲಿಲ್ಲ.

ಕಾನೂನು ತನ್ನ ಪಾಡಿಗೆ ಬರುತ್ತಿತ್ತು. ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯಿದೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಆಗಿ 1963ರಲ್ಲಿ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆಯ ಜೊತೆಗೆ ತೋಟಿ, ತಳವಾರಿಕೆ, ನೀರಗಂಟಿಕೆಗಳೂ ವಂಶಪಾರಂಪರ್ಯವಾಗಿ ನಡೆಯುವಂತಿಲ್ಲ ಎಂದಾಯಿತು. ಇದು ಕಾಗದಕ್ಕೆ ಗೊತ್ತಾಯಿತು, ಕಣಕ್ಕೆ ಗೊತ್ತಾಗಲಿಲ್ಲ.

ಈ ಕಾಳಿನ ಲೆಕ್ಕವನ್ನು ನಮಗೆ ಸರಿಯಾಗಿ ಹಾಕಿ ತೋರಿಸಿದವರು ಬಾಬಾಸಾಹೇಬರು. 1927ರ ಮಾರ್ಚಿನಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು ಎಲ್ಲರಿಗೂ ಗೊತ್ತು. ಸತ್ತ ದನದ ಮಾಂಸ ಬಿಡಿ, ತಂಗಳು ಬೇಡುವುದನ್ನು ಬಿಡಿ ಎಂದು ಅದೇ ಸಮಾವೇಶದಲ್ಲಿ ತಮ್ಮ ಜನಕ್ಕೆ ಹೇಳಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮರುವರ್ಷ, 1928ರಲ್ಲಿ, ಮಹಾರರ ವತನದ ಕಟ್ಟನ್ನು ಸಡಿಲಿಸಲು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಅದು ಪಾಸಾಗಲಿಲ್ಲ. ವತನ ಎಂದರೆ ನಮ್ಮ ತೋಟಿ ಇನಾಮಿನ ಅಣ್ಣನೋ ತಮ್ಮನೋ, ಚೂರು ಭೂಮಿ ಕೊಟ್ಟು ಇಡೀ ಊರಿನ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದು. ಆ ಭೂಮಿ ಒಂದು ಕಡೆ ಅನ್ನ, ಇನ್ನೊಂದು ಕಡೆ ಮೂಗುದಾರ.

1956ರಲ್ಲಿ ನಾಗಪುರದಲ್ಲಿ ಬೌದ್ಧರಾದ ಮರುದಿನ ಮಾಡಿದ ಭಾಷಣದಲ್ಲಿ ಬಾಬಾಸಾಹೇಬರು ಹಳೆಯದೊಂದು ಪ್ರಸಂಗ ಹೇಳುತ್ತಾರೆ. ಒಂದು ಊರಿನಲ್ಲಿ ವರ್ಷಕ್ಕೆ ಸಾಯುವ ದನಗಳ ಚರ್ಮ, ಕೊಂಬು, ಗೊರಸು, ಮೂಳೆ ಎಲ್ಲ ಸೇರಿದರೆ 500 ರೂಪಾಯಿ ಆಗುತ್ತದೆ, ಅದನ್ನು ಬಿಡಿಸಿ ಅಂಬೇಡ್ಕರ್ ಬಡವರಿಗೆ ನಷ್ಟ ಮಾಡುತ್ತಿದ್ದಾರೆ ಎಂದು 'ಕೇಸರಿ' ಪತ್ರಿಕೆಯ ಕಡೆಯವರು ಮರುಕ ತೋರಿಸಿದರಂತೆ. ಅಷ್ಟು ಲಾಭವಿದ್ದರೆ ನೀವೇ ಎಳೆಯಿರಿ, ಮೇಲೆ 500 ರೂಪಾಯಿ ನನ್ನ ಕೈಯಿಂದ ಕೊಡುತ್ತೇನೆ ಎಂದರು ಇವರು. ನಮ್ಮ ನಷ್ಟದ ಬಗ್ಗೆ ಮರುಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆ ಮರುಕ ಬರುವುದು ನಾವು ಬಿಟ್ಟು ಹೊರಡುವಾಗ ಮಾತ್ರ. ಇರುವಾಗ ಬರುವುದಿಲ್ಲ.

ಇದಕ್ಕಿಂತ ನಮ್ಮನ್ನು ಕಾಡುವುದು 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಅವರು ಆಡಿದ ಮಾತು. ಹಿಂದೂವಾಗಿ ಹುಟ್ಟಿದೆ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಎಲ್ಲಿಗೆ ಹೋಗುತ್ತೇನೆ ಎಂದು ಹೇಳಲಿಲ್ಲ. ಎಲ್ಲಿ ಇರುವುದಿಲ್ಲ ಎಂಬುದನ್ನು ಮೊದಲು ಹೇಳಿದರು. ಸಿಖ್ ಧರ್ಮದ ಕಡೆ ನೋಡಿದರು, ಕ್ರೈಸ್ತರೂ ಮುಸ್ಲಿಮರೂ ಕರೆದರು, ಓದಿದರು, ವಾದ ಮಾಡಿದರು, ಕಾಯಿಸಿದರು. ನಾಗಪುರದ ದೀಕ್ಷೆಗೆ ಬರುವಷ್ಟರಲ್ಲಿ 21 ವರ್ಷ ಆಗಿತ್ತು. ಮನೆ ಬಿಟ್ಟಾಗಿದೆ, ಇನ್ನೊಂದು ಮನೆ ಕಂಡಿಲ್ಲ, ಬಯಲಲ್ಲಿ ನಿಂತು 21 ವರ್ಷ. ಸುಮ್ಮನೆ ಕಣ್ಣು ಮುಚ್ಚಿ ಹಾರಿದ್ದಲ್ಲ ಅದು. ದೀಕ್ಷೆಯಾಗಿ ಎರಡು ತಿಂಗಳು ತುಂಬುವುದರೊಳಗೆ ಅವರೇ ಇಲ್ಲವಾದರು. ಅವರ ಹಿಂದೆ ಹೋದ ಲಕ್ಷಾಂತರ ಬಡವರು ಪರಿಶಿಷ್ಟ ಜಾತಿಯ ಕೇಂದ್ರ ಪಟ್ಟಿಯಿಂದಲೂ ಹೊರಗೆ ಬಿದ್ದರು. ಬೌದ್ಧರಾದ ದಲಿತರನ್ನು ಆ ಪಟ್ಟಿಗೆ ಸೇರಿಸಿಕೊಂಡದ್ದು 1990ರಲ್ಲಿ. ಮಧ್ಯದ 34 ವರ್ಷ ಅವರು ಕೊಟ್ಟ ಬೆಲೆಯನ್ನು ಯಾವ ತರಬೇತಿದಾರನೂ ಉದಾಹರಣೆಗೆ ಎತ್ತಿಕೊಳ್ಳುವುದಿಲ್ಲ.

'ಬುದ್ಧ ಮತ್ತು ಆತನ ಧಮ್ಮ' ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1957ರಲ್ಲಿ. ಶೂನ್ಯ ಎಂದರೆ ಏನೂ ಇಲ್ಲ ಎಂದು ಅವರು ಅಲ್ಲಿ ಅರ್ಥ ಮಾಡುವುದಿಲ್ಲ. ಯಾವುದೂ ಖಾಯಂ ಅಲ್ಲವಾದ್ದರಿಂದಲೇ ಬೇರೊಂದು ಆಗುವುದು ಸಾಧ್ಯ ಎಂಬ ಅರ್ಥ ಹಿಡಿಯುತ್ತಾರೆ. ಈಗ ಹೋಟೆಲಿನ ಪಟವನ್ನು ಇನ್ನೊಮ್ಮೆ ನೋಡಿ. ಮಾತು ಹೆಚ್ಚು ಕಮ್ಮಿ ಅದೇ. ಎಲ್ಲ ಬದಲಾಗುತ್ತೆ, ಆದ್ದರಿಂದ ಸಹಿಸಿಕೊಂಡಿರು ಅಂತ ಗೋಡೆಯ ಮೇಲಿನದು. ಎಲ್ಲ ಬದಲಾಗುತ್ತೆ, ಆದ್ದರಿಂದ ಸಹಿಸಬೇಡ ಅಂತ ಪುಸ್ತಕದ್ದು. ಹುಟ್ಟಿನಿಂದ ಒಬ್ಬನ ಜಾಗ ನಿಶ್ಚಯವಾಗಿದೆ ಎನ್ನುವ ಧರ್ಮಕ್ಕೆ ಅನಿತ್ಯ ಎನ್ನುವ ಒಂದು ಮಾತು ಸಾಕು, ಬುಡ ಅಲುಗಾಡಲು.

ಇಷ್ಟೆಲ್ಲ ನಮಗೆ ಆಗಲೇ ತಿಳಿದಿತ್ತು ಅಂತಲ್ಲ. 1979ರ ಸುಗ್ಗಿಗೆ ಮುಂಚೆ ನಾವು ಏಳೆಂಟು ಜನ ಹುಡುಗರು, ಹೈಸ್ಕೂಲು, ಕಾಲೇಜು ಅಂತ ಪಟ್ಟಣದಲ್ಲಿದ್ದವರು, 'ಪಂಚಮ'ವನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದವರು, ಊರಿಗೆ ಬಂದು ಕೇರಿಯ ಮಾರಮ್ಮನ ಗುಡಿ ಜಗಲಿಯ ಮೇಲೆ ಎಲ್ಲರನ್ನೂ ಸೇರಿಸಿದೆವು. ಇನ್ನು ಮೇಲೆ ದನ ಎಳೆಯೋದು ಬೇಡ, ಊರಿಗೆ ತಮಟೆ ಬಡಿಯೋದು ಬೇಡ, ಕಣದ ಕಾಳು ಬೇಡ ಎಂದೆವು. ಸ್ವಾಭಿಮಾನದ ಬಗ್ಗೆ ಒಬ್ಬ ಬಹಳ ಹೊತ್ತು ಮಾತಾಡಿದ. ಗಂಡಸರೆಲ್ಲ ನೆಲ ನೋಡುತ್ತಿದ್ದರು. ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಎದ್ದಳು.

'ಮಕ್ಕಳಾ, ಆಯ ಬುಡಿ ಅಂತೀರ. ಬುಟ್ಬುಡವ. ನಾಳೀಕೆ ಒಲೆ ಮ್ಯಾಲೆ ಏನ ಇಕ್ಕವ? ಅದೊಂದ್ ಹೇಳ್ಬುಡಿ.'

ಒಬ್ಬ ಮತ್ತೆ ಸ್ವಾಭಿಮಾನ ಎಂದ. 'ಅದು ಬೇಯಾಕೆ ಎಷ್ಟ್ ಹೊತ್ತಾದದು ಮಗ?' ಎಂದಳು. ಕೇರಿಯೆಲ್ಲ ನಕ್ಕಿತು. ನಮ್ಮ ಮುಖ ಕೆಂಪಾಯಿತು. ಅಜ್ಜಿ ನಗಲಿಲ್ಲ. ಆಕೆ ಕೇಳಿದ್ದು ತಮಾಷೆಗಾಗಿರಲಿಲ್ಲ. ಉತ್ತರ ಸಿಗಲಿಲ್ಲ, ಆದರೂ ಬಿಡೋಣ ಎಂದವರು ಕೈ ಎತ್ತಿ ಅಂದಾಗ ಮೊದಲು ಎದ್ದದ್ದು ಆಕೆಯ ಕೈಯೇ. ನಾವು ಓದಿದ ಯಾವ ಪುಸ್ತಕದಲ್ಲೂ ಅಂಥ ಧೈರ್ಯ ಇರಲಿಲ್ಲ. ನಾವು ಹೆದರದಿದ್ದುದು ಮುಂದೇನೆಂದು ಗೊತ್ತಿಲ್ಲದ್ದರಿಂದ. ಆಕೆ ಎಲ್ಲ ಗೊತ್ತಿದ್ದೂ ಕೈ ಎತ್ತಿದಳು.

ಮುಂದೆ ಆದದ್ದು ನಮ್ಮಂಥ ಎಲ್ಲ ಕೇರಿಗಳಲ್ಲೂ ಆದದ್ದೇ. ಅಂಗಡಿಯಲ್ಲಿ ಉಪ್ಪು, ಬೆಂಕಿಪೊಟ್ಟಣ ಕೊಡಲಿಲ್ಲ. ಹೊಲದ ದಾರಿಗೆ ಮುಳ್ಳು ಬಿತ್ತು. ಕೂಲಿಗೆ ಕರೆಯಲಿಲ್ಲ. ಗೌಡರ ಮನೆಯ ಎಮ್ಮೆ ಸತ್ತು ಮೂರು ದಿನ ನಾರಿತು, ಆಮೇಲೆ ಅವರೇ ಗಾಡಿಗೆ ಕಟ್ಟಿ ಎಳೆದರು. ಗಂಡಸರು ಇಟ್ಟಿಗೆ ಗೂಡಿಗೆ, ಕೊಡಗಿನ ಕಾಫಿ ತೋಟಕ್ಕೆ ಹೋದರು. ಹೆಂಗಸರು ನಾಲ್ಕು ಮೈಲಿ ನಡೆದು ಪಕ್ಕದೂರಿನಲ್ಲಿ ಕಳೆ ಕಿತ್ತರು. ಹಿಟ್ಟು ತೆಳ್ಳಗಾಗುತ್ತಾ ಅಂಬಲಿಯಾಯಿತು, ಅಂಬಲಿ ಬರೀ ಸೊಪ್ಪಿನ ನೀರಾಯಿತು. ಭಾಷಣ ಮಾಡಿದವರು ನಾವು, ಬೆಲೆ ಕಟ್ಟಿದವರು ಹೆಂಗಸರು.

ಬೆಳೆದದ್ದೂ ಇತ್ತು, ಇಲ್ಲ ಅನ್ನಬಾರದು. ಊರಲ್ಲಿ ಅರ್ಧ ಹೆಸರಿನಲ್ಲಿ ಕೂಗಿಸಿಕೊಂಡು ಮುದುಕನಾದ ಒಬ್ಬನನ್ನು ಇಟ್ಟಿಗೆ ಗೂಡಿನ ಮೇಸ್ತ್ರಿ ಹಾಜರಿ ಪುಸ್ತಕ ಹಿಡಿದು ಪೂರ್ತಿ ಹೆಸರು ಹೇಳು ಎಂದನಂತೆ. ತನ್ನ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಯಿತಂತೆ. ಅಜ್ಜಿಯ ಸೊಸೆ ಪಕ್ಕದೂರಿನ ಗದ್ದೆಯ ಬದುವಿನ ಮೇಲೆ ನಿಂತು ಎಂಟಾಣೆ ಜಾಸ್ತಿ ಕೇಳಿದಳು. ಗೌಡರ ಗದ್ದೆಯಲ್ಲಿ ಯಾರೂ ಕೂಲಿಯನ್ನು ಕೇಳಿದ್ದಿಲ್ಲ, ಕೊಟ್ಟಿದ್ದನ್ನು ಸೆರಗೊಡ್ಡಿ ಈಸಿಕೊಂಡಿದ್ದರು. ವ್ಯಕ್ತಿತ್ವ ವಿಕಾಸ ಎಂಬ ಮಾತಿಗೆ ಅರ್ಥವಿದ್ದರೆ ನಮಗೆ ಇದೇ ಅದು.

ಈಗ ಆ ತಪ್ಪು. ಎರಡನೇ ತಿಂಗಳಲ್ಲಿ ನಮ್ಮೊಳಗಿನ ಒಬ್ಬರು ಸೋತರು. ವರಸೆಯಲ್ಲಿ ನಮಗೆಲ್ಲ ಚಿಕ್ಕಪ್ಪ. ಮಗಳು ಹೆರಿಗೆಗೆ ಬಂದಿದ್ದಳು, ಬಾಣಂತಿ, ಮನೆಯಲ್ಲಿ ಕಾಳಿಲ್ಲ. ಗೌಡರ ಮನೆಯಲ್ಲಿ ಒಂದು ಸಾವಾದಾಗ ಕತ್ತಲಲ್ಲಿ ಹೋಗಿ ತಮಟೆ ಬಡಿದು, ಎರಡು ಕೊಳಗ ರಾಗಿ ತಂದರು. ಬೆಳಗಾಗುವಷ್ಟರಲ್ಲಿ ಕೇರಿಗೆ ಗೊತ್ತಾಯಿತು. ನಾವು ಕುಲ ಸೇರಿಸಿದೆವು. ದ್ರೋಹಿ ಎಂದೆವು. ಆ ಮನೆಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು, ಮಾತಾಡಬಾರದು ಎಂದು ಕಟ್ಟು ಮಾಡಿದೆವು. ಊರವರು ನಮಗೆ ಮಾಡಿದ್ದನ್ನು ಒಂದು ಅಕ್ಷರ ಬಿಡದೆ ಅವರಿಗೆ ಮಾಡಿದೆವು. ಅಜ್ಜಿ ಮಾತ್ರ ಸೆರಗಿನಲ್ಲಿ ಹಿಟ್ಟು ಮುಚ್ಚಿಕೊಂಡು ಆ ಮನೆಗೆ ಹೋದಳು. ತಡೆದರೆ, 'ಬಾಣಂತಿಗೆ ಯಾವ ಕಟ್ಟೂ ಇಲ್ಲ ಕಣ್ರಲಾ, ಅತ್ಲಾಗ್ ಸರೀರಿ' ಎಂದಳು.

ಇದನ್ನು ಬರೆಯಲು ನಮಗೆ ಇಷ್ಟು ವರ್ಷ ಹಿಡಿಯಿತು. ಒಂದು ಸಣ್ಣ ವಿವರವನ್ನು ನಾವು ಯಾರಿಗೂ ಹೇಳಿರಲಿಲ್ಲ, ನಮಗೆ ನಾವೂ ಹೇಳಿಕೊಂಡಿರಲಿಲ್ಲ. ಕುಲ ಸೇರಿಸಿದ ನಾವು ಏಳೆಂಟು ಜನರಲ್ಲಿ ಹೆಚ್ಚಿನವರು ಸರಕಾರಿ ಹಾಸ್ಟೆಲಿನ ಹುಡುಗರು. ಹುಳ ಬಿದ್ದ ಅನ್ನವೋ ನೀರು ಸಾರೋ, ಎರಡು ಹೊತ್ತಿನ ಊಟ ನಮಗೆ ಗ್ಯಾರಂಟಿ ಇತ್ತು. ಭಾನುವಾರ ಸಂಜೆ ಬಸ್ಸು ಹತ್ತಿ ಆ ಊಟಕ್ಕೆ ನಾವು ವಾಪಸ್ಸು ಹೋಗುತ್ತಿದ್ದೆವು. ಚಿಕ್ಕಪ್ಪನಿಗೆ ಬಸ್ಸಿರಲಿಲ್ಲ. ನಮ್ಮ ಹಗ್ಗವೂ ಒಂದು ಮರಕ್ಕೆ ಕಟ್ಟಿತ್ತು ಅಂತ ಆಗ ಹೊಳೆಯಲಿಲ್ಲ. ನಾಳೆಯ ಭಯ ಬಿಡು ಎಂದು ಇನ್ನೊಬ್ಬರಿಗೆ ಹೇಳುವ ಹಕ್ಕು ಯಾರಿಗಿದೆ? ಆ ಭಯವನ್ನು ಜೊತೆಗೆ ಹೊರುವವನಿಗೆ, ತನ್ನ ತಟ್ಟೆಯದನ್ನು ಅರ್ಧ ಮಾಡಿ ಕೊಟ್ಟವನಿಗೆ. ಅಜ್ಜಿಗೆ ಇತ್ತು. ನಮಗಿರಲಿಲ್ಲ. ಮುಂದಿನ ಸುಗ್ಗಿಯಿಂದ ದುಡಿಯುವ ಮನೆಯವರೆಲ್ಲ ವಾರಕ್ಕೊಂದು ಸೇರು ರಾಗಿಯನ್ನು ಗುಡಿಯ ಮೂಲೆಯ ಗುಡಾಣಕ್ಕೆ ಹಾಕುವ ಏರ್ಪಾಟಾಯಿತು. ಅದೂ ಹೆಂಗಸರ ಯೋಚನೆಯೇ. ಆಮೇಲೆ ಯಾರೂ ಕಣಕ್ಕೆ ಹೋಗಲಿಲ್ಲ. ಸ್ವಾಭಿಮಾನ ಬೇಯಲು ಗುಡಾಣದಲ್ಲಿ ರಾಗಿ ಇರಬೇಕಾಗಿತ್ತು.

ಚಳವಳಿಯಲ್ಲೂ ನಾವು ಇದೇ ತಪ್ಪು ಮಾಡಿದೆವು ಅನ್ನಿಸುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ, ಮಂತ್ರಿಗಿರಿ ಹೋದಾಗ, ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದಾಗ, ಆ ಗದ್ದಲದಿಂದ ಒಂದು ಸಂಘಟನೆ ಎದ್ದುಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೊರಟವರಾದ್ದರಿಂದ ಒಬ್ಬರನ್ನೊಬ್ಬರು ಕೇಳಿಕೊಂಡು ನಡೆದರು. ಆಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಾಗಿಬಿಟ್ಟಿತು. ದಲಿತ ಸಂಘರ್ಷ ಸಮಿತಿ ಹೋಳಾಯಿತು, ಹೋಳು ಮತ್ತೆ ಹೋಳಾಯಿತು. ಪ್ರತಿ ಹೋಳಿಗೂ ತನ್ನದೇ ಸರಿದಾರಿ. ಬಾಬಾಸಾಹೇಬರ ಪಟಕ್ಕೂ ಹಾರ ಹಾಕಿ, ಅದರ ಕೆಳಗೇ ಕೂತು ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿಕೊಂಡೆವು.

ಇನ್ನು ತಮಟೆಯ ವಿಷಯ. ಊರಿನ ಸಾವಿಗೆ ಬಡಿಯುವುದಿಲ್ಲ ಎಂದು ಗೂಟಕ್ಕೆ ನೇತುಹಾಕಿದ ತಮಟೆಯನ್ನೇ ನಮ್ಮ ಜಾಥಾಗಳಲ್ಲಿ ಹೋರಾಟದ ಹಾಡಿಗೆ ಬಡಿದೆವು. ಈಗ ಅದು ಜಾನಪದ ಮೇಳದಲ್ಲಿ ಶಾಲು ಹೊದೆಸಿಕೊಳ್ಳುತ್ತದೆ. ಬಿಟ್ಟದ್ದು ತಪ್ಪೋ, ಮತ್ತೆ ಹಿಡಿದದ್ದು ತಪ್ಪೋ ಎಂದು ನಮ್ಮ ಹುಡುಗರು ಕೇಳುತ್ತಾರೆ. ಕರೆಸಿ ಬಡಿಸುವುದು ಬೇರೆ, ನಾವಾಗಿ ಬಡಿಯುವುದು ಬೇರೆ ಎನ್ನುತ್ತೇವೆ. ಬಿಡದೇ ಇದ್ದಿದ್ದರೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆದರೆ ಶಾಲು ಹೊದೆಸುವವರಲ್ಲಿ ಎಷ್ಟು ಜನ ತಮ್ಮ ಮಗನ ಕೈಗೆ ತಮಟೆ ಕೊಡುತ್ತಾರೆ ಎಂದು ಆ ಹುಡುಗರು ಮತ್ತೆ ಕೇಳಿದರೆ ನಾವು ಸುಮ್ಮನಾಗುತ್ತೇವೆ.

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂ ಮಾಡಿ ಎಂದು ಮುಷ್ಕರ ಹೂಡಿದರು. ಕಾಲ ಬದಲಾಗಿದೆ, ಕಾಯಂ ಕೆಲಸದ ಆಸೆ ಹಳೇ ಕಾಲದ್ದು ಎನ್ನುವವರು ಆಗಲೂ ಇದ್ದರು. ಕಣ ನಮಗೆ ಖಾಯಂ ಕೀಳುಜಾಗ ಕೊಟ್ಟು ಜೊತೆಗೆ ತಳದ ಕಾಳಾದರೂ ಕೊಡುತ್ತಿತ್ತು. ಗುತ್ತಿಗೆ ಕಾಳನ್ನು ಮಾತ್ರ ಕಿತ್ತುಕೊಂಡಿದೆ. ಪೊರಕೆ ಹಿಡಿದ ಕೈಗಳು ಇವತ್ತಿಗೂ ಬಹುಪಾಲು ನಮ್ಮವೇ, ಅಲ್ಲಿ ಯಾವ ಬದಲಾವಣೆಯ ನಿಯಮವೂ ಕೆಲಸ ಮಾಡಿಲ್ಲ. ಕಾಯಂ ಸಂಬಳ ಕೇಳುವ ತಾಯಿ ಬದಲಾವಣೆಗೆ ಹೆದರಿದವಳಲ್ಲ. ಮಗಳ ಕೈಗೆ ಪೊರಕೆ ಬಾರದಿರಲಿ ಎಂದು ತಿಂಗಳ ಒಂದನೇ ತಾರೀಖನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ. ಮಗಳ ನಾಳೆ ತೆರೆದಿರಬೇಕಾದರೆ ತಾಯಿಯ ಒಲೆ ಉರಿಯುತ್ತಿರಬೇಕು.

ಆ ಚಿಕ್ಕಪ್ಪ ತೀರಿಕೊಂಡು ಈಗ ಕೆಲವು ವರ್ಷ ಆಯಿತು. ಕಟ್ಟು ಯಾವಾಗಲೋ ತಾನಾಗಿ ಸಡಿಲವಾಗಿತ್ತು, ಆದರೆ ತಪ್ಪಾಯಿತು ಅಂತ ನಾವು ಯಾರೂ ಅವರ ಮುಂದೆ ಬಾಯಿಬಿಟ್ಟು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಸಾವಿನ ಮನೆಗೆ ಹೋದಾಗ ಅವರ ಮಗಳು, ಆವತ್ತಿನ ಬಾಣಂತಿ, ಈಗ ಮೊಮ್ಮಕ್ಕಳಿರುವವಳು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: 'ಅಣ್ಣಾ, ನಮ್ಮಪ್ಪನ್ಗೆ ತಮಟೆ ಬಡಿಸ್ಲಾ, ಬ್ಯಾಡ್ವಾ? ನೀವ್ ಹೇಳ್ದಂಗೆ.' ನಲವತ್ತು ವರ್ಷದ ಮೇಲೂ ಆಕೆ ನಮ್ಮ ಕಟ್ಟಿಗೆ ಹೆದರುತ್ತಿದ್ದಳು. ಏನು ಹೇಳಬೇಕು ಅಂತ ನಮಗೆ ತಿಳಿಯಲಿಲ್ಲ. ಜಗಲಿಯ ಮೇಲೆ ಹಾಗೇ ಕೂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ನಮ್ಮಲ್ಲೊಬ್ಬ ಎದ್ದು ಹೋಗಿ, ಅಂಗಳದಲ್ಲಿ ಒಂದು ಹಿಡಿ ಹುಲ್ಲು ಹಚ್ಚಿ ತಮಟೆ ಕಾಯಿಸತೊಡಗಿದ.